ಛತ್ರದ ಮೇಲಿನ ಲೈಟು

ನಾನು ಏನು ಕೆಲಸ ಮಾಡುತ್ತೇನೆಂದು ನೆಂಟರು ಯಾರಾದರೂ ಕೇಳಿದರೆ ನನಗಿಂತ ಮೊದಲು ಅಪ್ಪನೇ ಉತ್ತರ ಕೊಡುತ್ತಿದ್ದ. "ಆಕಾಶದ ಫೋಟೋ ಇಡಿಯೋ ಮಿಷನ್ ಮಾಡ್ತಾಳೆ" ಎನ್ನುತ್ತಿದ್ದ. ಕೇಳಿದವರು ನನ್ನ ಕಡೆ ತಿರುಗಿ, ಹಾಗಾದರೆ ಶನಿ ಗ್ರಹ ಕಾಣುತ್ತಾ ಎನ್ನುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಚಂದ್ರ? ಚಂದ್ರ ಇದ್ದರೆ ನಮ್ಮ ಕೆಲಸವೇ ನಡೆಯುವುದಿಲ್ಲ ಎನ್ನುತ್ತಿದ್ದೆ. ಅಲ್ಲಿಗೆ ಅವರ ಆಸಕ್ತಿ ಮುಗಿದು ಮಾತು ಊಟದ ಕಡೆಗೋ ಸೈಟಿನ ಕಡೆಗೋ ಹೊರಳುತ್ತಿತ್ತು. ಅಪ್ಪನ ಮುಖದಲ್ಲಿ ಮಾತ್ರ ಹೆಮ್ಮೆ ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತಿತ್ತು. ನನಗೆ ಅದನ್ನು ನೋಡಲು ಮುಜುಗರ.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಹಗಲೆಲ್ಲ ಬಿಸಿಲು ತುಂಬಾ ಎತ್ತರದ ಗಾಳಿಯ ಕಣಗಳನ್ನು ಒಡೆದು ಹಾಕುತ್ತದೆ. ಸೂರ್ಯ ಮುಳುಗಿದ ಮೇಲೆ ಅವು ಮತ್ತೆ ಒಂದರೊಡನೊಂದು ಕೂಡಿಕೊಳ್ಳುತ್ತವೆ. ಹಾಗೆ ಕೂಡುವಾಗ ತುಸು ಬೆಳಕು ಹೊರಗೆ ಬರುತ್ತದೆ. ಅದಕ್ಕೆ ಏರ್‌ಗ್ಲೋ ಎನ್ನುತ್ತಾರೆ. ಚಂದ್ರನಿಲ್ಲದ, ದೀಪವಿಲ್ಲದ ಬಯಲಿನಲ್ಲೂ ರಾತ್ರಿ ಪೂರ್ತಿ ಕಪ್ಪಾಗುವುದಿಲ್ಲವಲ್ಲ, ಅದಕ್ಕೆ ನಕ್ಷತ್ರಗಳ ಜೊತೆಗೆ ಇದೂ ಒಂದು ಕಾರಣ. ಹಸಿರು ಬಣ್ಣದ್ದು ಸುಮಾರು ನೂರು ಕಿಲೋಮೀಟರ್ ಎತ್ತರದಿಂದ ಬರುತ್ತದೆ. ಕೆಂಪಿನದು ಇನ್ನೂ ಮೇಲಿನಿಂದ, ಇನ್ನೂರೈವತ್ತರ ಆಸುಪಾಸಿನಿಂದ. ಬರಿಗಣ್ಣಿಗೆ ಬಣ್ಣವೇ ಗೊತ್ತಾಗದಷ್ಟು ಮಂದ. ಅದನ್ನು ನೆಲದ ಮೇಲೆ ಕೂತು ಹಿಡಿಯುವ ಕ್ಯಾಮೆರಾಗಳನ್ನು ನಾವು ಕಟ್ಟುತ್ತೇವೆ. ಇಡೀ ಆಕಾಶವನ್ನು ಒಂದೇ ವೃತ್ತದೊಳಗೆ ತರುವ ಫಿಶ್‌ಐ ಲೆನ್ಸ್, ಅದರ ಕೆಳಗೆ ಒಂದೊಂದು ಬಣ್ಣವನ್ನಷ್ಟೇ ಒಳಗೆ ಬಿಡುವ ಫಿಲ್ಟರ್‌ಗಳಿರುವ ಚಕ್ರ, ಅದಕ್ಕೂ ಕೆಳಗೆ ಫ್ರೀಜರಿಗಿಂತ ಎಷ್ಟೋ ತಣ್ಣಗೆ ಇಟ್ಟ ಕ್ಯಾಮೆರಾ. ಇಷ್ಟನ್ನೂ ಒಂದು ಅಲ್ಯುಮಿನಿಯಂ ಪೆಟ್ಟಿಗೆಯಲ್ಲಿ ಕೂರಿಸಿ, ಮೇಲೆ ಅಕ್ರಿಲಿಕ್ ಗುಮ್ಮಟ ಮುಚ್ಚುತ್ತೇವೆ. ಲೆನ್ಸು ಮತ್ತು ಫಿಲ್ಟರುಗಳ ಹೊಣೆ ನನ್ನದು.

ಹೋದ ವರ್ಷ ಬೇಸಿಗೆಯ ಆರಂಭಕ್ಕೆ ಹೊಸದೊಂದು ಕ್ಯಾಮೆರಾ ಸಿದ್ಧವಾಯಿತು. ಅದು ಹೋಗಬೇಕಾದದ್ದು ದೂರದ ಒಂದು ಬೆಟ್ಟಕ್ಕೆ. ಸಾಗಿಸುವ ಮೊದಲು ಕೆಲವು ರಾತ್ರಿ ನಿಜವಾದ ಆಕಾಶದ ಕೆಳಗೆ ಓಡಿಸಿ ನೋಡುವುದು ನಮ್ಮ ಪದ್ಧತಿ. ಆದರೆ ನಮ್ಮ ಸಂಸ್ಥೆಯ ಪಕ್ಕದಲ್ಲೇ ಕಟ್ಟಡವೊಂದು ಏಳುತ್ತಿದ್ದು, ಕತ್ತಲಾದೊಡನೆ ಫ್ಲಡ್‌ಲೈಟ್ ಹಾಕಿ ಕೆಲಸ ನಡೆಸುತ್ತಿದ್ದರು. ತಂಡದ ಮುಖ್ಯಸ್ಥೆ, ನಾವೆಲ್ಲ ಬರೀ ಮೇಡಂ ಎನ್ನುವವರು, ಬೇರೆ ಟೆರೇಸ್ ಹುಡುಕಬೇಕೆಂದರು. ಅದನ್ನು ಮನೆಯಲ್ಲಿ ಹೇಳಿದ್ದೇ ತಡ, "ನಮ್ ಟೆರೇಸ್ ಐತಲ್ಲ" ಎಂದ ಅಪ್ಪ.

ನಮ್ಮ ಮನೆ ಇರುವುದು ಅಲ್ಲಾಳಸಂದ್ರದ ಕೆರೆಯ ಹತ್ತಿರ. ತಾತನ ಹೊಲದಲ್ಲಿ ಅಪ್ಪನ ಪಾಲಿಗೆ ಬಂದ ತುಂಡಿನ ಮೇಲೆ ಕಟ್ಟಿಸಿದ್ದು. ಕೆಳಗೆ ಅಪ್ಪ, ನಡುವೆ ಬಾಡಿಗೆಯವರು, ಮೇಲಿನ ಮಹಡಿಯಲ್ಲಿ ನಾನು ಮತ್ತು ನನ್ನ ಗಂಡ. ಅಮ್ಮ ತೀರಿಕೊಂಡ ಮೇಲೆ ಅಪ್ಪನ ಊಟ ತಿಂಡಿ ಎಲ್ಲ ನಮ್ಮ ಜೊತೆಗೇ. ಟೆರೇಸಿನ ಒಂದು ಕಡೆ ಕೆರೆ ಇರುವುದರಿಂದ ಆ ದಿಕ್ಕು ಬೇರೆಡೆಗಿಂತ ಕತ್ತಲೆ. ಮೇಡಂ ಬಂದು ನೋಡಿ ಒಪ್ಪಿದರು. "ಇಲ್ಲಿ ಏರ್‌ಗ್ಲೋ ಸಿಗುತ್ತೆ ಅಂತ ಆಸೆ ಇಟ್ಕೋಬೇಡಿ. ನಕ್ಷತ್ರ ಚುಕ್ಕಿ ಥರ ಬಿದ್ರೆ ಸಾಕು, ಫೋಕಸ್ ಸರಿ ಇದೆ ಅಂತ ಗೊತ್ತಾಗುತ್ತೆ" ಎಂದರು. ಅಪ್ಪ ಅವರಿಗೆ ಎಳನೀರು ಕೊಚ್ಚಿಕೊಟ್ಟು, "ಏನ್ ಬೇಕಾದ್ರೂ ಕೇಳಿ ಮೇಡಂ, ಮಾಡ್ಕೊಡಣ" ಎಂದ.

ಪೆಟ್ಟಿಗೆ ಕೂರಿಸಿದ ದಿನವೇ ಒಂದು ರಾಮಾಯಣವಾಯಿತು. ನಡುವಿನ ಮಹಡಿಯ ಬಾಡಿಗೆಯ ಹೆಂಗಸು ಗುಮ್ಮಟ ನೋಡಿ ಸಿಸಿಟಿವಿ ಎಂದುಕೊಂಡು ಅಪ್ಪನ ಹತ್ತಿರ ಜಗಳಕ್ಕೆ ಬಂದರು. ನಾವು ಬಟ್ಟೆ ಒಣಗಾಕೋ ಜಾಗದಲ್ಲಿ ಕ್ಯಾಮೆರಾ ಯಾಕೆ ಅಂಕಲ್, ಎಂದು. "ಅದು ಮೇಲ್ಕಡೆ ನೋಡ್ತದೆ ಕಣಮ್ಮ, ನಿಮ್ ಕಡೆ ಅಲ್ಲ" ಎಂದ ಅಪ್ಪ. ಪಕ್ಕದಲ್ಲಿ ನಿಂತಿದ್ದ ನಾನು ಸುಮ್ಮನಿದ್ದೆ. ಫಿಶ್‌ಐ ಲೆನ್ಸು ದಿಗಂತದವರೆಗೂ ನೋಡುತ್ತದೆ. ಅವರ ಬಟ್ಟೆಯ ದಾರ ಚಿತ್ರದ ಅಂಚಿಗೆ ಬಂದೇ ಬರುತ್ತಿತ್ತು. ಅಪ್ಪ ಕೆಳಗಿಳಿದ ಮೇಲೆ ಸದ್ದಿಲ್ಲದೆ ದಾರ ಬಿಚ್ಚಿ ಮೆಟ್ಟಿಲ ಕಡೆಗೆ ಕಟ್ಟಿದೆ.

ಕ್ಯಾಮೆರಾ ಕತ್ತಲಾದಾಗ ತಾನೇ ಶುರುವಾಗಿ ತಾನೇ ನಿಲ್ಲುತ್ತಿತ್ತು. ಬೆಳಿಗ್ಗೆ ಎದ್ದು ಲ್ಯಾಪ್‌ಟಾಪಿನಲ್ಲಿ ಚಿತ್ರ ನೋಡುವುದಷ್ಟೇ ನನ್ನ ಕೆಲಸ. ಮೊದಲ ಬೆಳಿಗ್ಗೆ ಕಂಡದ್ದು ಬೂದು ಬಣ್ಣದ ದುಂಡು ತಟ್ಟೆ, ಅದರಲ್ಲಿ ಚುಕ್ಕಿಗಳು, ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ಎಳೆದ ಗೆರೆಗಳು. ಫೋಕಸ್ ಚೆನ್ನಾಗಿತ್ತು. ಇವುಗಳ ನಡುವೆ ಬಿಳಿಚಿಕೊಂಡ ಒಂದು ಕುಡುಗೋಲಿನಂಥ ಕಲೆ, ಒಂದು ಚಿತ್ರದಲ್ಲಿ ಪೂರ್ವಕ್ಕಿದ್ದರೆ ಮುಂದಿನದರಲ್ಲಿ ಉತ್ತರಕ್ಕೆ ಇರುತ್ತಿತ್ತು. ಅದು ಏನೆಂದು ಯೋಚಿಸಬೇಕಾಗಿರಲಿಲ್ಲ. ಕೆರೆಯ ಆಚೆ ನಮ್ಮ ದೊಡ್ಡಪ್ಪನ ಛತ್ರವಿದೆ. ಅದರ ನೆತ್ತಿಯ ಮೇಲೆ ಆಕಾಶಕ್ಕೆ ಗುರಿಯಿಟ್ಟು ಗಿರಗಿರನೆ ಸುತ್ತುವ ಲೈಟು. ಮದುವೆ ಇರಲಿ ಬಿಡಲಿ, ದೂರದಿಂದಲೇ ಛತ್ರ ಎಲ್ಲಿದೆಯೆಂದು ಜನಕ್ಕೆ ಗೊತ್ತಾಗಲಿ ಎಂದು ದಿನಾ ಹಾಕುತ್ತಿದ್ದರು. ಅದರ ಬೆಳಕು ನಮ್ಮ ಗುಮ್ಮಟದ ಒಳಮೈಗೆ ಬಡಿದು ಹೊಳೆಯುತ್ತಿತ್ತು.

ಇಡ್ಲಿ ತಿನ್ನುತ್ತಾ ಗಂಡನಿಗೆ ಹೇಳಿದೆ, "ಎಲ್ಲಾ ಓಕೆ, ದೊಡ್ಡಪ್ಪನ ಛತ್ರದ ಲೈಟ್ ಒಂದು ತಲೆನೋವು." ಅಪ್ಪ ಚಟ್ನಿ ಹಾಕಿಸಿಕೊಳ್ಳುತ್ತಿದ್ದ.

ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ನಿಂತು ಬಹಳ ವರ್ಷಗಳಾಗಿದ್ದವು. ಛತ್ರ ಎದ್ದಿರುವುದು ದೊಡ್ಡಪ್ಪನ ಪಾಲಿಗೆ ಬಂದ ಹೊಲದಲ್ಲಿ. ಆ ಹೊಲದ ಮೂಲೆಯಲ್ಲಿ ತಾತ ಅಜ್ಜಿಯ ಸಮಾಧಿಗಳಿದ್ದವು. ಕಾರು ನಿಲ್ಲಿಸುವ ಜಾಗಕ್ಕೆ ಅಡ್ಡ ಬಂದವೆಂದು ದೊಡ್ಡಪ್ಪ ಆ ಕಲ್ಲುಗಳನ್ನು ತೆಗೆಸಿ ಹಿಂದಿನ ಕಾಂಪೌಂಡಿನ ಹತ್ತಿರ ನೆಡಿಸಿದರು. ಪುರೋಹಿತರನ್ನು ಕರೆಸಿ ಶಾಂತಿಯನ್ನೂ ಮಾಡಿಸಿದ್ದರು. ಆದರೆ ಅಪ್ಪನಿಗೆ ಹೇಳಿರಲಿಲ್ಲ. ಅಪ್ಪ ಹೋಗಿ ನೋಡಿ, ಅಲ್ಲಿದ್ದ ಮೇಸ್ತ್ರಿಗಳು ನೆಂಟರು ಎಲ್ಲರೆದುರು ಅಣ್ಣನನ್ನು ಬಾಯಿಗೆ ಬಂದಂತೆ ಬೈದು, ಇನ್ನು ಈ ಬಾಗಿಲು ತುಳಿಯುವುದಿಲ್ಲವೆಂದು ಮಣ್ಣು ಮುಟ್ಟಿ ಹೇಳಿ ಬಂದಿದ್ದ. ಛತ್ರದಲ್ಲಿ ನಮ್ಮದೇ ನೆಂಟರ ಎಷ್ಟು ಮದುವೆಗಳಾದವೋ. ಅಪ್ಪ ಯಾವುದಕ್ಕೂ ಹೋಗಲಿಲ್ಲ. ನಾನು ಹೋಗುತ್ತಿದ್ದೆ. ಹೋಗಬೇಡ ಎಂದು ಅವನು ಯಾವತ್ತೂ ಹೇಳಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅಪ್ಪ ಸ್ಕೂಟರ್ ತೆಗೆದು, "ಬಾ, ಇಲ್ಲೇ ಒಂದ್ಕಡೆ ಓಗ್ಬರಣ" ಎಂದ. ಎಲ್ಲಿಗೆ ಎಂದು ಕೇಳಿದ್ದಕ್ಕೆ "ಕೂತ್ಕಳವ್ವ" ಎಂದಷ್ಟೇ ಅಂದ. ಕೊಡಿಗೇಹಳ್ಳಿಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿಗೆ ಕೊಟ್ಟಿದ್ದ, ಅದಕ್ಕೇ ಇರಬೇಕೆಂದುಕೊಂಡೆ. ಕೆರೆ ಬಳಸಿಕೊಂಡು ಹೋಗಿ ಅವನು ಸ್ಕೂಟರ್ ತಿರುಗಿಸಿದ್ದು ಛತ್ರದ ಗೇಟಿನೊಳಕ್ಕೆ.

ಒಳಗೆ ಮದುವೆಯ ಊಟ ನಡೆಯುತ್ತಿತ್ತು. ಬಾಗಿಲ ಹತ್ತಿರ, ಪನ್ನೀರು ಚಿಮುಕಿಸುವ ಮೇಜಿನ ಪಕ್ಕದಲ್ಲಿ, ದೊಡ್ಡಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತ ನಮ್ಮ ಕಡೆಯ ಹಿರಿಯರು ಕೆಲವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅಪ್ಪನನ್ನು ಕಂಡು ಒಬ್ಬೊಬ್ಬರೇ ಮಾತು ನಿಲ್ಲಿಸಿದರು. ನಾನು ಹಿಂದೆಯೇ ಉಳಿದೆ. ಅಪ್ಪ ನನ್ನ ಮೊಣಕೈ ಹಿಡಿದು ಕರೆದುಕೊಂಡು ಹೋದ.

"ಏನ್ ಬಂದೆ?" ಎಂದರು ದೊಡ್ಡಪ್ಪ.

"ಒಂದ್ ಮಾತ್ ಕೇಳ್ಬೇಕಿತ್ತು ಅಣ್ಣ."

"ಕೇಳು."

"ಮೇಲ್ಗಡೆ ಲೈಟು, ಅದೇ ಸುತ್ತೋದು... ಈ ಅಮಾಸೆ ಕತ್ಲು ದಿನ ಮುಗಿಯೋಗಂಟ ಆರ್ಸಕ್ಕಾಯ್ತದಾ ಅಂತ. ಇವ್ಳ ಮಿಷನ್ನು ನಮ್ ಟೆರೇಸ್ ಮೇಲೈತೆ. ದೊಡ್ ಮಿಷನ್ನು. ದೇಶದ್ ಕೆಲ್ಸ ಅಣ್ಣ."

ದೊಡ್ಡಪ್ಪ ಪಕ್ಕದವರ ಕಡೆ ತಿರುಗಿದರು. "ಕೇಳುಸ್ಕಂಡ್ರೇನ್ರಪ್ಪ? ಈ ಬಾಗ್ಲು ತುಳಿಯಲ್ಲ ಅಂದೋನು ಲೈಟ್ ಆರ್ಸು ಅಂತ ಬಂದವ್ನೆ."

ಯಾರೋ ನಕ್ಕರು. ಅಪ್ಪ ಮಾತ್ರ ಅದೇ ದನಿಯಲ್ಲಿ, "ನಂಗೆ ಅಂತ ಕೇಳ್ತಿಲ್ಲ ಅಣ್ಣ. ಮಗೀಗೆ ಅಂತ ಕೇಳ್ತಿದೀನಿ" ಎಂದ.

ಆ ಹೊತ್ತಿನಲ್ಲಿ ನನಗೆ ಬಂದ ನಾಚಿಕೆ ಅಪ್ಪನ ಬಗ್ಗೆ. ಅವನು ದೇಶದ ಕೆಲಸ ಅಂದದ್ದರ ಬಗ್ಗೆ, ದೊಡ್ಡ ಮಿಷನ್ ಅಂದದ್ದರ ಬಗ್ಗೆ, ನಾನು ಕೇಳದೇ ಇದ್ದ ಸಹಾಯವನ್ನು ಹೀಗೆ ಬಂದು ಬೇಡುತ್ತಿರುವುದರ ಬಗ್ಗೆ. ಮದುವೆಗೆ ಬಂದಿದ್ದ ನನ್ನ ವಯಸ್ಸಿನ ಹೆಂಗಸರು ಐಸ್‌ಕ್ರೀಂ ಕಪ್ ಹಿಡಿದು ನಿಂತು ನೋಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ದೊಡ್ಡಪ್ಪ ನನ್ನನ್ನೇ ಕೇಳಿದರು. "ಓದಿರೋಳು, ನೀನೇ ಏಳವ್ವ. ಊರ್ ತುಂಬಾ ಲೈಟು. ಏರ್‌ಪೋರ್ಟ್ ರೋಡ್ ನೋಡು, ಹೆಬ್ಬಾಳದ್ ಫ್ಲೈಓವರ್ ನೋಡು. ನನ್ದೊಂದು ಆರ್ಸುದ್ರೆ ನಿಂಗೆ ಆಕಾಶ ಕಾಣ್ಬುಡ್ತದಾ?"

ಅದು ನ್ಯಾಯವಾದ ಪ್ರಶ್ನೆಯೇ. ನಾನು ಮೇಡಂ ಹೇಳಿದ್ದನ್ನು ನೆನಪು ಮಾಡಿಕೊಂಡೆ. ಇಲ್ಲಿ ನಮಗೆ ಬೇಕಾದದ್ದು ಫೋಕಸ್ ಮಾತ್ರ, ಅದು ಸಿಕ್ಕಿಯಾಗಿದೆ. ಜೊತೆಗೆ ಅಲ್ಲಿಂದ ಬೇಗ ಹೊರಡಬೇಕೆಂಬ ಆತುರ.

"ಇಲ್ಲ ದೊಡ್ಡಪ್ಪ, ಅಂಥ ವ್ಯತ್ಯಾಸ ಏನೂ ಆಗಲ್ಲ" ಎಂದೆ. "ನಾವು ಇಲ್ಲಿ ಸುಮ್ನೆ ಟೆಸ್ಟ್ ಮಾಡ್ತಿರೋದು ಅಷ್ಟೆ. ಅಪ್ಪಂಗೆ ಗೊತ್ತಿಲ್ಲ."

ಈ ಸಲ ಒಬ್ಬರಲ್ಲ, ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಮದುವೆ ಮನೆಯ ನಗು. ಅಪ್ಪನೂ ನಗಲು ನೋಡಿದ. "ಸರಿ ಬಿಡಣ್ಣ" ಎಂದು ತಿರುಗಿದ. ಅಷ್ಟರಲ್ಲಿ ಸುದ್ದಿ ತಿಳಿದು ಒಳಗಿನಿಂದ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಬಂದೋರು ಊಟ ಮಾಡ್ಕಂಡ್ ಓಗಿ" ಎಂದರು. "ಆಯ್ತು ಅತ್ತಿಗೆ" ಎನ್ನುತ್ತಲೇ ಅಪ್ಪ ಮೆಟ್ಟಿಲಿಳಿದು ಸ್ಕೂಟರ್ ಕಡೆ ನಡೆದ.

ದಾರಿಯಲ್ಲಿ ಒಂದೇ ಮಾತಾಡಿದ. "ಅಂಗಿದ್ರೆ ಮೊದ್ಲೇ ಏಳ್ಬಾರ್ದಾಗಿತ್ತಾ?"

"ಎಲ್ಲಿಗೆ ಹೋಗ್ತಿದ್ದೀವಿ ಅಂತ ನೀನು ಹೇಳಿದ್ಯಾ?" ಎಂದೆ. ಕೋಪದಲ್ಲೇ ಅಂದೆ. ಮನೆಗೆ ಬಂದವನು ಹಸಿವಿಲ್ಲವೆಂದು ಮಲಗಿಬಿಟ್ಟ.

ಅಂದಿನಿಂದ ಅಪ್ಪ ಟೆರೇಸಿಗೆ ಹತ್ತಲಿಲ್ಲ. ಅದುವರೆಗೆ ಬೆಳಿಗ್ಗೆ ಸಂಜೆ ಹೋಗಿ ಪೆಟ್ಟಿಗೆಯ ಸುತ್ತ ಕಸ ಗುಡಿಸಿ, ಪಾರಿವಾಳ ಓಡಿಸಿ ಬರುತ್ತಿದ್ದ. ಈಗ ನಾನೇ ಗುಡಿಸಿದೆ; ಪೆಟ್ಟಿಗೆ ನೋಡಲು ಆಗಾಗ ಬರುತ್ತಿದ್ದ ನಮ್ಮ ತಂಡದವರನ್ನೂ ನಾನೇ ಮೇಲಕ್ಕೆ ಕರೆದೊಯ್ದೆ. ಕಾಲುನೋವು ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ.

ಅದೇ ವಾರ ಒಂದು ಬೆಳಿಗ್ಗೆ ಕೆಂಪು ಫಿಲ್ಟರಿನ ಚಿತ್ರಗಳನ್ನು ಸಾಲಾಗಿ ಓಡಿಸಿ ನೋಡುತ್ತಿದ್ದೆ. ನೋಡುತ್ತಾ ಕಾಫಿ ಮರೆತೆ. ಮಬ್ಬು ತಟ್ಟೆಯ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಚಾಚಿದ ಕಪ್ಪು ಪಟ್ಟೆಗಳು, ಒಂದರ ಹಿಂದೆ ಒಂದು, ನಿಧಾನವಾಗಿ ಪೂರ್ವಕ್ಕೆ ಸರಿಯುತ್ತಿದ್ದವು. ಮೋಡವಲ್ಲ, ಮೋಡವಾಗಿದ್ದರೆ ನಕ್ಷತ್ರಗಳು ಮುಚ್ಚಿಹೋಗುತ್ತಿದ್ದವು. ಸಂಜೆಯಾದ ಮೇಲೆ ವಾತಾವರಣದ ತುತ್ತತುದಿಯಲ್ಲಿ, ನೀರಿನ ಅಡಿಯಿಂದ ಗುಳ್ಳೆ ಏಳುವ ಹಾಗೆ, ತೆಳುವಾದ ಜಾಗಗಳು ಮೇಲಕ್ಕೇಳುತ್ತವೆ. ಅಲ್ಲಿ ಕೆಂಪು ಬೆಳಕು ಕಡಿಮೆಯಾಗಿ ಕಪ್ಪು ಪಟ್ಟೆ ಕಾಣುತ್ತದೆ. ಫೋನಿಗೆ ದಾರಿ ಹೇಳುವ ಉಪಗ್ರಹದ ಸಂಕೇತ ಅವುಗಳ ಮೂಲಕ ಬರುವಾಗ ಎಡವುತ್ತದೆ. ಇಂಥವನ್ನು ನೋಡಲೆಂದೇ ನಾವು ಪೆಟ್ಟಿಗೆಯನ್ನು ಬೆಟ್ಟಕ್ಕೆ ಕಳಿಸುವುದು. ಅದು ನಮ್ಮ ಟೆರೇಸಿನ ಮೇಲೆ, ಅಲ್ಲಾಳಸಂದ್ರದ ನೆತ್ತಿಯ ಮೇಲೆ ಕಂಡಿತ್ತು.

ಚಿತ್ರ ಕಳಿಸಿದ ತಾಸಿನೊಳಗೆ ಮೇಡಂ ಮನೆಗೇ ಬಂದರು. ಚಪ್ಪಲಿ ಬಿಟ್ಟವರೇ ಲ್ಯಾಪ್‌ಟಾಪಿನ ಮುಂದೆ ಕೂತು ಮತ್ತೆ ಮತ್ತೆ ಓಡಿಸಿ ನೋಡಿದರು. "ಮೊದಲ ದಿನಗಳಲ್ಲಿ ಏನೂ ಕಾಣ್ತಿರಲಿಲ್ಲ. ಇಲ್ಲಿ ಏನು ಬದಲಾಯ್ತು?" ಎಂದು ಕೇಳಿದರು.

ನಾನು ಹಳೆಯ ಚಿತ್ರವೊಂದನ್ನು ಪಕ್ಕದಲ್ಲಿ ತೆರೆದೆ. ಆಗ ಕಣ್ಣಿಗೆ ಬಿತ್ತು. ಹೊಸದರಲ್ಲಿ ಕುಡುಗೋಲಿನ ಕಲೆ ಇರಲಿಲ್ಲ. ಹಿಂದಿನ ರಾತ್ರಿಯಲ್ಲೂ ಇರಲಿಲ್ಲ, ಅದರ ಹಿಂದಿನದರಲ್ಲೂ ಇರಲಿಲ್ಲ. "ಕೆರೆ ಆಚೆ ಒಂದು ಸುತ್ತೋ ಲೈಟ್ ಇತ್ತು ಮೇಡಂ. ಆರಿಸಿದ್ದಾರೆ ಅನ್ಸುತ್ತೆ."

"ಓ, ಹಾಗಾದ್ರೆ ಅದೇ" ಎಂದರು ಮೇಡಂ. "ಊರಿನ ಬೆಳಕು ನಿಂತಲ್ಲೇ ನಿಂತಿರುತ್ತೆ. ಅದನ್ನ ಇನ್ನೊಂದು ಫಿಲ್ಟರಿನಲ್ಲಿ ಹಿಡಿದು ಕಳೆದುಬಿಡಬಹುದು. ಸುತ್ತೋದನ್ನ ಹೇಗೆ ಕಳೀತೀರಿ? ಈ ಫಿಲ್ಟರ್ ಬರೋ ಹೊತ್ತಿಗೆ ಅದು ಇಲ್ಲಿರುತ್ತೆ, ಆ ಫಿಲ್ಟರ್ ಬರೋ ಹೊತ್ತಿಗೆ ಅಲ್ಲಿರುತ್ತೆ. ನಿಮಗೆ ಗೊತ್ತಿರೋದೇ ಅಲ್ವಾ?"

ಗೊತ್ತಿರುವುದೇ. ಫಿಲ್ಟರುಗಳ ಚಕ್ರ ನಾನು ಕೂರಿಸಿದ್ದು. ಒಂದಾದ ಮೇಲೆ ಒಂದು ಯಾವ ಕ್ರಮದಲ್ಲಿ ತಿರುಗಬೇಕೆಂದು ತೀರ್ಮಾನಿಸಿದ್ದು ನಾನು. ಊರಿನ ಸಾವಿರಾರು ದೀಪಗಳಿಗಿಂತ ಆ ಒಂದು ದೀಪ ಹೆಚ್ಚು ಕೆಡುಕು ಮಾಡುತ್ತದೆಂದು ಒಂದು ಗಳಿಗೆ ನಿಂತು ಯೋಚಿಸಿದ್ದರೆ ಹೊಳೆಯುತ್ತಿತ್ತು. ಏನೂ ಗೊತ್ತಿಲ್ಲದ ಅಪ್ಪ, ಮಗಳಿಗೆ ತಲೆನೋವು ಎಂಬ ಒಂದೇ ಕಾರಣಕ್ಕೆ ಹೋಗಿ ಕೇಳಿದ್ದ. ಎಲ್ಲ ಗೊತ್ತಿದ್ದ ನಾನು ಎಲ್ಲರೆದುರು ಅವನಿಗೇನೂ ಗೊತ್ತಿಲ್ಲವೆಂದು ಹೇಳಿ, ತಪ್ಪು ಉತ್ತರ ಕೊಟ್ಟು ಬಂದಿದ್ದೆ. ಮೇಡಂ, "ಅವರಿಗೆ ಒಂದು ಥ್ಯಾಂಕ್ಸ್ ಹೇಳಿಬಿಡಿ" ಎಂದು ಹೊರಟರು.

ಮೊದಲು ಕೆಳಗಿಳಿದು ಅಪ್ಪನಿಗೆ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದ. "ಒಳ್ಳೇದಾಯ್ತು" ಎಂದು ಕನ್ನಡಕ ತೆಗೆದ. ಲೈಟಿನ ವಿಷಯ ಆಗ ಹೇಳಲಿಲ್ಲ. ಮೊದಲು ಅಲ್ಲಿಗೆ ಹೋಗಿ ಬರೋಣ ಎಂದುಕೊಂಡೆ.

ಛತ್ರದಲ್ಲಿ ಅವತ್ತು ಮದುವೆ ಇರಲಿಲ್ಲ. ದೊಡ್ಡಮ್ಮ ಹಿಂದಿನ ಅಡುಗೆಮನೆಯಲ್ಲಿ ಕೂತು, ಮರುದಿನದ ಅಡುಗೆಗೆ ಬಂದಿದ್ದ ಹುರುಳಿಕಾಯಿ ಆರಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಎತ್ತಿಕೊಂಡೆ.

"ದೊಡ್ಡಮ್ಮ, ಮೇಲಿನ ಲೈಟ್ ಆರಿಸಿದ್ದು ಯಾರು?"

"ನಾನೇ ಎಲೆಕ್ಟ್ರಿಷಿಯನ್‌ಗೆ ಏಳ್ದೆ, ಕೆಟ್ಟೋಗೈತೆ ಅಂತ ಅನ್ನು ಅಂದ್ಬುಟ್ಟು" ಎಂದರು. "ಮದ್ವೆ ಮನೆಗ್ ಬಂದೋರು ನಿಮ್ಮಪ್ಪ ಎಲೆ ಮುಂದೆ ಕೂರ್ದಂಗೆ ಓದ್ರು. ಅದ್ಯಾಕೋ ನಂಗೆ ನಿದ್ದೆ ಬರ್ಲಿಲ್ಲ ಕಣವ್ವ."

"ದೊಡ್ಡಪ್ಪಂಗೆ ಗೊತ್ತಾ?"

"ಗೊತ್ತಿಲ್ದೆ ಇರ್ತದಾ? ದಿನಾ ಮಲಗೋ ಮುಂಚೆ ಆಚೆ ನಿಂತ್ಕಂಡು ಅದನ್ನೇ ಅಲ್ವಾ ನೋಡೋದು. ನೋಡುದ್ರು, ಒಳಗ್ ಬಂದ್ರು. ಏನೂ ಅನ್ಲಿಲ್ಲ."

ಅಷ್ಟರಲ್ಲಿ ದೊಡ್ಡಪ್ಪನೇ ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ನಾನು ಎದ್ದು ನಿಂತು, ಲೈಟು ಆರಿಸಿದ್ದರಿಂದ ತುಂಬಾ ಅಪರೂಪದ ಚಿತ್ರ ಸಿಕ್ಕಿತೆಂದು ಹೇಳಿದೆ. ನಮ್ಮ ಮೇಡಂ ಕೂಡ ಥ್ಯಾಂಕ್ಸ್ ಹೇಳಿದ್ದಾರೆ ಎಂದೆ.

"ಏನೂ ಆಗಲ್ಲ ಅಂತ ನೀನೇ ಅಂದಿದ್ದಲ್ಲವ್ವ?"

"ಅಂದಿದ್ದೆ ದೊಡ್ಡಪ್ಪ. ತಪ್ಪು ಹೇಳಿದ್ದೆ. ಅಪ್ಪ ಕೇಳಿದ್ದೇ ಸರಿ."

"ಅವತ್ತು ಅಷ್ಟು ಜನದ್ ಮುಂದೆ ಅಂದೆ. ಇವತ್ತು ಬಂದು ಅಡುಗೆ ಮನೇಲಿ ಏಳ್ತಿದೀಯ" ಎಂದು ಹೇಳಿ, ದೊಡ್ಡಪ್ಪ ಬಂದ ಹಾಗೆಯೇ ಹೊರಗೆ ಹೋದರು. ದೊಡ್ಡಮ್ಮ ತಲೆ ಎತ್ತದೆ ಕಾಯಿ ಆರಿಸುತ್ತಿದ್ದರು.

ಆ ಮಾತು ನನ್ನನ್ನು ಬಿಡಲಿಲ್ಲ. ಪೆಟ್ಟಿಗೆ ಬಿಚ್ಚಿ ಸಾಗಿಸುವ ದಿನ ಬಂದಾಗ, ಜನರ ಮುಂದೆ ಹೇಳಿಯೇ ತೀರುತ್ತೇನೆಂದು ನಿಶ್ಚಯಿಸಿದೆ. ಟೆರೇಸಿನ ಮೇಲೆ ಒಂದು ಸಣ್ಣ ಕಾಫಿ ತಿಂಡಿ ಇಟ್ಟುಕೊಂಡೆ. ಮೇಡಂ, ನಮ್ಮ ತಂಡದವರು, ಬಾಡಿಗೆಯವರು, ಬೀದಿಯ ನೆಂಟರು ಎಲ್ಲರನ್ನೂ ಕರೆದೆ. ದೊಡ್ಡಪ್ಪ ದೊಡ್ಡಮ್ಮನಿಗೂ ಹೇಳಿಕಳಿಸಿದೆ. ದೊಡ್ಡಮ್ಮ ಒಂದು ಡ್ರಮ್ಮಿನಷ್ಟು ಕೇಸರಿಭಾತ್ ಮಾಡಿಸಿಕೊಂಡು ಬಂದರು. ದೊಡ್ಡಪ್ಪ ಮೇಲೆ ಬರಲಿಲ್ಲ; ಕಾರನ್ನು ನಮ್ಮ ಗೇಟಿನ ಮುಂದೆ ನಿಲ್ಲಿಸಿ ಒಳಗೇ ಕೂತರು. ಅಪ್ಪನನ್ನು ನಾನೇ ಕೈ ಹಿಡಿದು ಮೇಲಕ್ಕೆ ಕರೆದುಕೊಂಡು ಬಂದೆ. ನೀರಿನ ಟ್ಯಾಂಕಿನ ಪಕ್ಕದಲ್ಲಿ ನಿಂತ.

ಮೇಡಂ ಚಿತ್ರದ ಬಗ್ಗೆ ಎರಡು ಮಾತು ಹೇಳಿದರು. ಆಮೇಲೆ ನಾನು ಹೇಳಿದೆ. ಅಪ್ಪ ಹೋಗಿ ಲೈಟು ಆರಿಸಲು ಕೇಳಿದ್ದು, ನಾನು ಅದರಿಂದ ಏನೂ ಆಗುವುದಿಲ್ಲ ಎಂದದ್ದು, ಅಪ್ಪನಿಗೆ ಗೊತ್ತಿಲ್ಲವೆಂದು ಅಷ್ಟು ಜನರೆದುರು ಹೇಳಿದ್ದು, ಕೊನೆಗೆ ತಪ್ಪಿದ್ದು ನಾನೇ ಎಂದು. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದೆ.

ಅಪ್ಪನ ಮುಖ ನೋಡಿದೆ. ಅದು ಕೆಂಪಾಗಿತ್ತು. ಬಾಡಿಗೆಯವರು, ಮೇಡಂ, ಅವನಿಗೆ ಪರಿಚಯವೇ ಇಲ್ಲದ ನನ್ನ ಸಹೋದ್ಯೋಗಿಗಳು ಎಲ್ಲ ಅವನನ್ನೇ ನೋಡುತ್ತಿದ್ದರು. ಅವನು ಅಣ್ಣನ ಬಾಗಿಲಿಗೆ ಹೋಗಿ ಬೇಡಿದ್ದು ಅದುವರೆಗೆ ಛತ್ರದಲ್ಲಿದ್ದವರಿಗಷ್ಟೇ ಗೊತ್ತಿತ್ತು. ಈಗ ಇಡೀ ಟೆರೇಸಿಗೆ ಗೊತ್ತಾಯಿತು.

"ಸಾಕ್ ಬಿಡವ್ವ, ಅದ್ನೆಲ್ಲಾ ಯಾಕ್ ಈಗ" ಎಂದು ಮೆಲ್ಲಗೆ ಅಂದು ಮೆಟ್ಟಿಲಿಳಿದು ಹೋದ. ನನ್ನ ಮನಸ್ಸು ತಿಳಿಯಾಗಲೆಂದು ಅವನನ್ನು ಎರಡನೇ ಸಲ ಜನರ ಮುಂದೆ ನಿಲ್ಲಿಸಿದ್ದೆ.

ಸ್ವಲ್ಪ ಹೊತ್ತಿಗೆ ಗೋಡೆಯಂಚಿನಿಂದ ಕೆಳಗೆ ಬಗ್ಗಿ ನೋಡಿದೆ. ಅಪ್ಪ ದೊಡ್ಡಪ್ಪನ ಕಾರಿನ ಪಕ್ಕ ನಿಂತಿದ್ದ. ಒಂದು ಕೈ ಕಾರಿನ ಮೇಲಿತ್ತು. ದೊಡ್ಡಪ್ಪ ಕಿಟಕಿ ಇಳಿಸಿದ್ದರು. ಏನು ಮಾತಾಡಿದರೋ ಮೇಲಕ್ಕೆ ಕೇಳಲಿಲ್ಲ. ಬೋರ್‌ವೆಲ್ಲಿನಲ್ಲಿ ನೀರು ಇಳಿದಿರುವ ಬಗ್ಗೆ ಮಾತಾಡಿದರಂತೆ, ಆಮೇಲೆ ದೊಡ್ಡಮ್ಮ ಹೇಳಿದರು. ಸಮಾಧಿಯ ಸುದ್ದಿಯಾಗಲಿ ಲೈಟಿನ ಸುದ್ದಿಯಾಗಲಿ ಬರಲಿಲ್ಲವಂತೆ. ಆಮೇಲೂ ಅವರಿಬ್ಬರು ಒಬ್ಬರ ಮನೆಗೊಬ್ಬರು ಹೋಗುವುದು ಶುರುವಾಗಲಿಲ್ಲ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾರೆ, ಅಷ್ಟೆ.

ಪೆಟ್ಟಿಗೆ ಹೋದ ಸಂಜೆ ಊಟಕ್ಕೆ ಕೂತಾಗ ಅಪ್ಪನೇ ಮಾತು ತೆಗೆದ. "ನಾನ್ ಅಂಗ್ ಓಗಿ ಕೇಳಿದ್ದು ನಿಂಗ್ ನಾಚ್ಕೆ ಆಯ್ತು ಅಂತ ಅವತ್ತೇ ಗೊತ್ತಾಯ್ತು. ಅದ್ಕೇ ಟೆರೇಸ್ ಮೇಲಕ್ ಬರ್ಲಿಲ್ಲ. ನಿಮ್ ಆಫೀಸ್ನೋರೆಲ್ಲಾ ಬಂದ್ ಓಗ್ತಿದ್ರಲ್ಲ."

ನಾನು ಸಾರು ಬಡಿಸುತ್ತಿದ್ದೆ. ಹಾಗೇನಿಲ್ಲ ಅಪ್ಪ ಎನ್ನಬಹುದಿತ್ತು. ಸುಳ್ಳಾಗುತ್ತಿತ್ತು. "ನಮ್ಮ ಲ್ಯಾಬಿಗೆ ಒಂದ್ಸಲ ಬಾ ಅಪ್ಪ" ಎಂದೆ. ಅವನು ತಲೆಯಾಡಿಸಿದ.

ಮುಂದಿನ ವಾರ ಕರೆದುಕೊಂಡು ಹೋದೆ. ಬೆಳಿಗ್ಗೆ ಕೆಳಗಿಳಿದಾಗ ಅಪ್ಪ ಸಿದ್ಧನಾಗಿ ಜಗಲಿಯಲ್ಲಿ ಕೂತಿದ್ದ. ಪ್ಯಾಂಟು ಹಾಕಿದ್ದ. ಪಂಚೆ ಬಿಟ್ಟು ಬೇರೇನನ್ನೂ ಉಟ್ಟ ಅಪ್ಪನನ್ನು ನಾನು ನೋಡಿಯೇ ಇರಲಿಲ್ಲ. ಹೊಸದು, ಅಂಗಡಿಯ ಮಡಿಕೆ ಇನ್ನೂ ಹಾಗೇ ಇತ್ತು. ಸೊಂಟಕ್ಕೆ ಸರಿಯಾಗದೆ ಬೆಲ್ಟನ್ನು ಬಿಗಿಯಾಗಿ ಕಟ್ಟಿದ್ದ. ನಾನು ನೋಡಿದ್ದನ್ನು ನೋಡಿ, ಎದ್ದು, "ಓಗಣ" ಎಂದ.

ಲ್ಯಾಬಿನಲ್ಲಿ ಕೈಗಳನ್ನು ಹಿಂದೆ ಕಟ್ಟಿಕೊಂಡು ಎಲ್ಲವನ್ನೂ ನೋಡಿದ. ಯಾವುದನ್ನೂ ಮುಟ್ಟಲಿಲ್ಲ, ಯಾರಾದರೂ ಕೂರಿ ಅನ್ನುವವರೆಗೆ ಕೂರಲಿಲ್ಲ. ಒಬ್ಬೊಬ್ಬರನ್ನೂ ಕರೆದು, ಇವರು ನಮ್ಮ ತಂದೆ ಎಂದೆ. ಮೇಡಂ ತಾವೇ ಎದ್ದು ಕಾಫಿ ತಂದುಕೊಟ್ಟರು. ಅವರು ಏನು ಹೇಳಿದರೂ ಅಪ್ಪ "ಊ ಮೇಡಂ, ಸರಿ ಮೇಡಂ" ಎನ್ನುತ್ತಿದ್ದ. ಫಿಲ್ಟರಿನ ಗಾಜೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಾಗ ಮಾತ್ರ ಬಹಳ ಹೊತ್ತು ನೋಡಿದ.

ವಾಪಸು ಬರುವಾಗ ಸಿಗ್ನಲಿನಲ್ಲಿ ಕಾರು ನಿಂತಿತ್ತು. "ಇನ್ನೊಂದ್ಸಲ ಬರುವಾಗ ಪಂಚೇಲೇ ಬಾ ಅಪ್ಪ" ಎಂದೆ.

ಅಪ್ಪ ಹೊರಗೆ ನೋಡುತ್ತಿದ್ದ. "ಅಲ್ಲಿ ಎಲ್ಲಾರೂ ಪ್ಯಾಂಟೇ ಆಕಿದ್ರಲ್ಲವ್ವ" ಎಂದ.